ಅಂಗಿಯ ವಾಸನೆ

ಎಚ್ಚರವಾದಾಗ ಯಾರೋ ನನ್ನ ಮೂಗಿನ ಮೇಲೆ ಬಟ್ಟಲು ಕವುಚಿದ್ದರು. ಕಿತ್ತೆಸೆಯಲು ಹೋದೆ.

"ಸುಮ್ನೆ ಮಲ್ಕೊಳ್ಳಿ, ಅದು ಆಕ್ಸಿಜನ್," ಎಂದು ನರ್ಸ್ ಗದರಿದಳು.

ತಲೆ ಧಿಮ್ಮೆನ್ನುತ್ತಿತ್ತು. ಬೆಳಿಗ್ಗೆಯೋ ಸಂಜೆಯೋ ತಿಳಿಯಲಿಲ್ಲ. ಪಕ್ಕದಲ್ಲಿ ಅತ್ತಿಗೆ ಕೂತಿದ್ದರು. ಅಣ್ಣನ ಸಂಸಾರ ನಮ್ಮ ಮೇಲಿನ ಮಹಡಿಯಲ್ಲೇ ಇರುವುದು.

"ಇವಳೆಲ್ಲಿ?" ಎಂದೆ.

"ಪಕ್ಕದ ಮಂಚದಲ್ಲೇ ಇದ್ದಾಳಲ್ಲೋ ನಿನ್ನ ಹೆಂಡ್ತಿ. ನಾಲ್ಕನೇ ಸಲ ಕೇಳ್ತಿದ್ದೀಯ."

ನಾಲ್ಕನೆಯದೇ? ನಾನು ಕೇಳಿದ್ದು ಒಂದೇ ಸಲ. ಸಿಟ್ಟು ಬಂತು. ತಿರುಗಿ ನೋಡಿದರೆ ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಎದೆ ಏರಿತು, ಇಳಿಯಿತು. ಮತ್ತೆ ಏರುವವರೆಗೆ ನಾನು ಕಣ್ಣು ಕೀಳಲಿಲ್ಲ.

"ಗ್ಯಾಸ್ ಸೋರಿ ಅಡುಗೆಮನೇಲಿ ಬಿದ್ದಿದ್ಲು. ಊಟಕ್ಕೆ ಬಂದ ನೀನು ಎಳೆಯೋಕೆ ಹೋಗಿ ಅವಳ ಪಕ್ಕಾನೇ ಬಿದ್ದೆ. ನಾನೂ ನಿಮ್ಮಣ್ಣನೂ ಅಂಗಳಕ್ಕೆ ಎಳ್ಕೊಂಡು ಬಂದ್ವಿ."

"ಲೈಟ್ ಹಾಕಿದ್ರಾ?"

"ಇಲ್ಲಪ್ಪ. ಸ್ವಿಚ್ ಮುಟ್ಟಬಾರ್ದು ಅಂತ ಬೀದಿಗೆಲ್ಲ ಪಾಠ ಹೇಳೋನು ನೀನೇ ತಾನೆ?"

ಹೌದು, ನಾನೇ. ಗ್ಯಾಸ್ ಒಲೆ ರಿಪೇರಿಯವನು. ಇಪ್ಪತ್ತು ವರ್ಷದಿಂದ ಕಂಡವರ ಮನೆಯ ಪೈಪಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವವನು. ನನ್ನ ಮನೆಯಲ್ಲೇ ಗ್ಯಾಸ್ ಸೋರುವುದೆಂದರೇನು? ಅತ್ತಿಗೆ ಯಾರದೋ ಕತೆಯನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ.

"ಇವಳೆಲ್ಲಿ?"

ಅತ್ತಿಗೆ ಹಣೆ ಚಚ್ಚಿಕೊಂಡರು. ಎರಡು ದಿನ ಇಬ್ಬರಿಗೂ ಹೀಗೇ ಗೊಂದಲ ಇರುತ್ತದೆ, ಗಾಬರಿ ಬೇಡ ಎಂದು ಡಾಕ್ಟರು ಹೇಳಿದ್ದರಂತೆ.

ಸಂಜೆ ಅವಳು ಕಣ್ಣು ಬಿಟ್ಟಳು. ಬಟ್ಟಲನ್ನು ಸರಿಸಿ, "ರೀ, ನಿಮ್ಮ ಅಂಗಿ ಎರಡು ಸಲ ಒಗೆದೆ. ವಾಸನೆ ಹೋಗ್ತಾನೇ ಇಲ್ಲ. ಬಯ್ಬೇಡಿ," ಎಂದಳು.

ನನಗೆ ಎಲ್ಲವೂ ನೆನಪಾಯಿತು. ಮೂರು ದಿನದಿಂದ, "ಅಡುಗೆಮನೇಲಿ ಗ್ಯಾಸ್ ವಾಸನೆ, ಒಂದ್ಸಲ ನೋಡ್ರೀ," ಎನ್ನುತ್ತಿದ್ದಳು. ದಿನವಿಡೀ ಅದೇ ವಾಸನೆಯಲ್ಲಿರುವ ನನ್ನ ಮೂಗಿಗೆ ಏನೂ ತಟ್ಟಿರಲಿಲ್ಲ. "ಅದು ನನ್ನ ಅಂಗಿ ವಾಸನೆ ಕಣೆ, ಸರಿಯಾಗಿ ಒಗಿ," ಎಂದು ರೇಗಿದ್ದೆ. ಅವಳು ನಂಬಿದ್ದಳು. ಗ್ಯಾಸಿನ ವಿಷಯದಲ್ಲಿ ನನ್ನ ಮಾತನ್ನು ಇಡೀ ಬೀದಿಯೇ ನಂಬುತ್ತದೆ.

ನಾಚಿಕೆಯಿಂದ ಕುಗ್ಗಿಹೋದೆ. ಇಳಿದು ಹೋಗಿ ಅವಳ ಕೈ ಹಿಡಿದುಕೊಂಡೆ.

"ಅದು ಅಂಗೀದಲ್ಲ ಕಣೆ. ನಂದೇ ತಪ್ಪು."

ಅವಳು ಮತ್ತೆ ಬಟ್ಟಲು ಸರಿಸಿದಳು.

"ಯಾವ ಅಂಗಿ?" ಎಂದಳು.

ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ.