ಟೊಮೇಟೊ ಸಾಲಿಗೆ ಹುಲ್ಲಿನ ಹೊದಿಕೆ

ಮಾರ್ಚ್ ನಾಲ್ಕು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮಂಜು ಟೊಮೇಟೊ ಗಿಡಗಳ ನಡುಮಟ್ಟದಲ್ಲಿ ತೇಲುತ್ತಿತ್ತು. ಕೇರಿಗೆಲ್ಲ ದೊಡ್ಡಮ್ಮನಾದವಳು ಸಾಲಿನ ನಡುವೆ ನಿಂತು, ಯಾವ ಗಿಡ ಕೀಳಲಿ ಎಂದು ನೋಡುತ್ತಿದ್ದಳು. ಬಾವಿಯ ನೀರು ವಾರಕ್ಕೊಮ್ಮೆ ಹಾಯಿಸಲಷ್ಟೇ ಸಾಲುತ್ತಿತ್ತು. ನಾಲ್ಕನೇ ದಿನಕ್ಕೇ ಎಲೆ ಬಾಡುತ್ತಿತ್ತು. ಅರ್ಧ ಕಿತ್ತರೆ ಉಳಿದರ್ಧವಾದರೂ ಬದುಕೀತು. ಆದರೆ ಎಲ್ಲ ಗಿಡದಲ್ಲೂ ಹಳದಿ ಹೂಗಳು ನಿದ್ದೆಗಣ್ಣು ಬಿಡುತ್ತಿದ್ದವು. ಕೈ ಮುಂದೆ ಹೋಗಲೊಲ್ಲದು.

ಬದುವಿನ ಮೇಲೆ ಕೃಷಿ ಸಹಾಯಕಿ ಬಂದಳು, ಕೈಯಲ್ಲಿ ಪ್ರಶ್ನೆಗಳ ಹಾಳೆ. ಹೋದ ವರ್ಷ ತಾನು ಕಲಿಸಿದ್ದನ್ನು ಯಾರು ಮಾಡಿದರೆಂದು ಮನೆಮನೆಗೆ ಹೋಗಿ ಕೇಳುತ್ತಿದ್ದಳು.

"ದೊಡ್ಡಮ್ಮ, ತೇವ ಉಳಿಯೋಕೆ ಬುಡಕ್ಕೆ ಹುಲ್ಲಿನ ಹೊದಿಕೆ ಹಾಕಿದ್ರಾ?"

"ಹೂಂ ಹೂಂ, ಬಹಳ ಚೆನ್ನಾಗಿದೆ ಅಂತ ಬರ್ಕೊ ತಾಯಿ. ಬಿಸಿಲೇರೋದ್ರೊಳಗೆ ಮನೆ ಸೇರ್ಕೊ."

ಬಾವಿಕಟ್ಟೆಯ ಮೇಲಿದ್ದ ಮೈದುನ ನಕ್ಕ. "ಎಲ್ಲಿ ಅತ್ತಿಗೆ ಹೊದಿಕೆ? ನನ್ನ ಕಣ್ಣಿಗೆ ಮಾತ್ರ ಕಾಣ್ತಿಲ್ವಾ?"

"ಬಾಯ್ಮುಚ್ಚೋ! ಪಾಪ, ಅಷ್ಟು ದೂರ ನಡ್ಕೊಂಡು ಬಂದಿದಾಳೆ. ಇಲ್ಲ ಅಂತ ಹೇಗೆ ಹೇಳೋದು?"

ಸಹಾಯಕಿ ಪೆನ್ನಿಗೆ ಮುಚ್ಚಳ ಹಾಕಿದಳು. "ನನಗೆ ಬೇಜಾರಾಗುತ್ತೆ ಅಂತ ಎಲ್ಲರೂ ಹೂಂ ಅಂತಾರೆ. ಎಡವಟ್ಟಾಗಿದ್ದು ಎಲ್ಲಿ ಅಂತ ಗೊತ್ತೇ ಆಗಲ್ಲ. ಬೈದ್ರೂ ಸರಿ, ನಿಜ ಹೇಳಿ."

"ಬೈಲಾ? ಹಾಗಾದ್ರೆ ಕೇಳು. ಆ ಮರದ ಬುಡದ ಮೂಲೇಲಿ ಹಾಕಿದ್ದೆ. ಒಂದು ಗಿಡಾನೂ ಏಳ್ಲಿಲ್ಲ."

"ಅದಕ್ಕೆ ಮುಂಚೆ ಅಲ್ಲಿ ಏನು ಬೆಳೀತಿತ್ತು?"

"ಏನೂ ಇಲ್ಲ. ಕೆಟ್ಟರೆ ಆ ಮೂಲೇನೇ ಕೆಡ್ಲಿ ಅಂತ..." ಎನ್ನುತ್ತಲೇ ದೊಡ್ಡಮ್ಮನಿಗೆ ನಗು ಬಂತು.

"ಸರಿಹೋಯ್ತು! ಇಲ್ಲೇ ಅಕ್ಕಪಕ್ಕದ ಎರಡು ಸಾಲು ಕೊಡಿ. ಇವತ್ತು ಎರಡಕ್ಕೂ ನೀರು ಬಿಡಿ. ಒಂದಕ್ಕೆ ಹುಲ್ಲು, ಇನ್ನೊಂದು ಹುಲ್ಲಿಲ್ಲದೆ ಬರಿ ಇರ್ಲಿ. ಏಳು ದಿನ ಏನೂ ಕೀಳ್ಬೇಡಿ."

"ಅಷ್ಟರಲ್ಲಿ ಎಲ್ಲಾ ಒಣಗಿದ್ರೆ?"

"ಬರಿ ಸಾಲು ಬಾಡಬಹುದು. ಸುಳ್ಳು ಹೇಳಲ್ಲ."

ದೊಡ್ಡಮ್ಮ ಹೂಗಳ ಕಡೆ ನೋಡಿದಳು, ಬಾವಿಯ ಕಡೆ ನೋಡಿದಳು. ಕೊನೆಗೆ ಒಪ್ಪಿದಳು. ನೀರು ಇಂಗಿದ ಮೇಲೆ ಮೈದುನ ನಾಲ್ಕು ಬೆರಳು ದಪ್ಪಕ್ಕೆ ಒಣಹುಲ್ಲು ಹರಡಿದ, ಕಾಂಡಕ್ಕೆ ತಾಗದ ಹಾಗೆ.

ಏಳನೇ ದಿನದ ಮುಂಜಾವು. ಬರಿ ಸಾಲಿನ ಎಲೆಗಳು ಜೋತುಬಿದ್ದಿದ್ದವು. ದೊಡ್ಡಮ್ಮ ಪಕ್ಕದ ಸಾಲಿನ ಹುಲ್ಲಿನೊಳಗೆ ಕೈ ಇಳಿಸಿದಳು. ಅಲ್ಲಿ ಬಿಸಿಲಿನ ಸುದ್ದಿಯೇ ಮುಟ್ಟಿರಲಿಲ್ಲ. ಕಪ್ಪು ಮಣ್ಣು ತಣ್ಣಗೆ ನಿದ್ರಿಸುತ್ತಿತ್ತು. ಒಂದು ಎರೆಹುಳು ಮೆಲ್ಲಗೆ ಮಗ್ಗುಲು ಬದಲಿಸಿತು. ತಾನೂ ಅಲ್ಲೇ ಕಣ್ಣುಮುಚ್ಚಿ ಮಲಗಬೇಕೆನಿಸಿತು ಅವಳಿಗೆ.

"ಏಯ್, ನಿಂತ್ಕೊಂಡು ಏನು ನೋಡ್ತೀಯ? ಎಲ್ಲಾ ಸಾಲಿಗೂ ಹುಲ್ಲು ತಾ," ಎಂದು ಮೈದುನನಿಗೆ ಕೂಗಿದಳು. "ಒಂದು ಗಿಡಾನೂ ಕೀಳಲ್ಲ!"

ಓದುವ ರೈತ ಬಂಧುಗಳೇ, ಅಕ್ಕತಂಗಿಯರೇ, ಹೊಸ ವಿಧಾನವನ್ನು ಪಾಳು ಮೂಲೆಗೆ ತಳ್ಳಬೇಡಿ. ಒಳ್ಳೆಯ ನೆಲದಲ್ಲಿ ಅಕ್ಕಪಕ್ಕ ಎರಡು ಸಾಲು ಇಟ್ಟು, ಹಸಿ ಮಣ್ಣು ಎಷ್ಟು ಆಳದಲ್ಲಿದೆ ಎಂದು ನೀವೇ ಅಗೆದು ಅಳೆಯಿರಿ. ಕೇಳಲು ಬಂದವರಿಗೆ ಕಂಡದ್ದನ್ನೇ ಹೇಳಿ. ಸರಿಬರದಿದ್ದರೆ ಅದನ್ನೂ ಹೇಳಿ. ಆ ಏಳನೇ ದಿನ ದೊಡ್ಡಮ್ಮ ಎರಡೂ ಸಾಲು ಅಗೆದು ಅಳತೆಪಟ್ಟಿ ಇಟ್ಟು ನೋಡಿದಾಗ, ಬರಿ ಸಾಲಿನಲ್ಲಿ ಹಸಿ ಮಣ್ಣು ಸಿಕ್ಕಿದ್ದು ಹನ್ನೊಂದು ಸೆಂಟಿಮೀಟರ್ ಆಳದಲ್ಲಿ. ಹುಲ್ಲು ಹೊದ್ದ ಸಾಲಿನಲ್ಲಿ ಎರಡೇ ಸೆಂಟಿಮೀಟರ್ ಆಳದಲ್ಲಿ.