ಹೂವು ಬಾರದ ಬಾಗಿಲು

ಹುಡುಗಿಯರ ಹಾಡು ಪಕ್ಕದ ಮನೆಯ ಅಲ್ಗನೇಶಳ ಅಂಗಳದಲ್ಲಿ ಮುಗಿದಾಗ, ಕಾಫಿ ಬೀಜ ಹುರಿಯುತ್ತಿದ್ದ ತಿರುನೇಶ್ ಹೆಂಚು ಇಳಿಸಿ ಬಾಗಿಲಿಗೆ ಬಂದಳು. ಹೊಸ ವರ್ಷದ ಬೆಳಗು, ಹುಡುಗಿಯರು ಮನೆಮನೆಯ ಮುಂದೆ ಹಾಡಿ ಹೂವು ಕೊಡುವ ಹಬ್ಬ. ಹಬ್ಬದ ಪದ್ಧತಿಯಂತೆ ಮನೆಯೊಳಗೆ ನೆಲಕ್ಕೆ ಹಸಿ ಹುಲ್ಲು ಹಾಸಿದ್ದಳು, ಹಾಡುವವರಿಗೆಂದು ದಪ್ಪ ರೊಟ್ಟಿ ಮುರಿದಿಟ್ಟಿದ್ದಳು. ಮಳೆ ಹಿಂದೆ ಸರಿದು ಗುಡ್ಡದ ಕಲ್ಲುಸಂದಿಯಲ್ಲೆಲ್ಲ ಅಡೆಯ್ ಹೂವು ಹಳದಿಯಾಗಿ ಎದ್ದಿತ್ತು. ಕೆಲವೇ ವಾರ ಬದುಕುವ ಪುಟ್ಟ ಗಿಡ. ಈ ಹೂವು ಅರಳುವಷ್ಟರಲ್ಲಿ ಬರುತ್ತೇನೆ ಎಂದು ಹೇಳಿ ಮಗ ದೆರ್ಸೊ ಯುದ್ಧಕ್ಕೆ ಹೋಗಿದ್ದ. ಅವನ ಸುದ್ದಿಯಿರಲಿಲ್ಲ. ಕೆಟ್ಟ ಸುದ್ದಿಯೂ ಇಲ್ಲವಲ್ಲ ಎಂಬ ಒಂದೇ ಆಸರೆಯಲ್ಲಿ ಅವಳು ಮಳೆಗಾಲ ಕಳೆದಿದ್ದಳು.

ಹುಡುಗಿಯರು ಹೂವಿನ ಕಟ್ಟು ಹಿಡಿದು ಅವಳ ಬೇಲಿಯವರೆಗೆ ಬಂದರು. ಅಲ್ಲಿಂದ ಹಾಡದೆ, ತಲೆ ತಗ್ಗಿಸಿ ಮುಂದಿನ ಮನೆಗೆ ನಡೆದರು.

ತಿರುನೇಶ್ ಗುಂಪಿನಲ್ಲಿದ್ದ ಅಲ್ಗನೇಶಳ ಮಗಳನ್ನು ಕೂಗಿ ಕರೆದಳು. "ಏನಮ್ಮಿ, ನನ್ ಮನೆ ಕಣ್ಣಿಗ್ ಬೀಳ್ನಿಲ್ವಾ? ಹೋದ್ ವರ್ಸದ ರೊಟ್ಟಿ ಹಲ್ಲಿಗೆ ಗಟ್ಟಿಯಾಗಿತ್ತಾ?"

ಹುಡುಗಿ ಕಾಲ್ಬೆರಳಿಂದ ಮಣ್ಣು ಕೆದಕಿದಳು. "ದೊಡ್ಡವ್ವ, ನಿಮ್ಮನೆ ಮುಂದೆ ಮಾತ್ರ ಹಾಡಬ್ಯಾಡಿ ಅಂದವ್ಳೆ ನಮ್ಮವ್ವ. ಯಾಕೆ ಅಂದ್ರೆ ಹೇಳ್ನಿಲ್ಲ."

ಹೇಳಬೇಕಾಗಿಯೇ ಇರಲಿಲ್ಲ. ಸಾವಿನ ಮನೆಯ ಮುಂದೆ ಹಾಡುವುದಿಲ್ಲ. ಸಾವಿನ ಸುದ್ದಿಯನ್ನು ಹಬ್ಬದ ದಿನ ಹೇಳುವುದಿಲ್ಲ, ಒಬ್ಬರೇ ಹೋಗಿಯೂ ಹೇಳುವುದಿಲ್ಲ; ಹಬ್ಬ ಕಳೆದ ಮೇಲೆ ನಸುಕಿಗೆ ಊರವರೆಲ್ಲ ಒಟ್ಟಾಗಿ ಬರುತ್ತಾರೆ. ಅಲ್ಗನೇಶಳ ಗಂಡ ದೂರದಲ್ಲಿ ಸತ್ತಾಗ ತಿರುನೇಶಳೂ ಹಾಗೆಯೇ ಏನೂ ಗೊತ್ತಿಲ್ಲದವಳಂತೆ ಅವಳ ಜೊತೆ ನಗುತ್ತ ಬಟ್ಟೆ ಒಗೆದಿದ್ದಳು. ಈಚೆಗೆ ಅಲ್ಗನೇಶ್ ಕೇಳದೆಯೇ ನೀರು ತಂದಿಟ್ಟದ್ದು, ಕಣ್ಣು ತಪ್ಪಿಸಿದ್ದು ಎಲ್ಲ ಈಗ ಅರ್ಥವಾಯಿತು. ಪಾಪ, ಬಾಯಿ ಬಿಗಿಹಿಡಿದವಳು ಮಕ್ಕಳ ಹಾಡು ತಡೆಯಲು ಹೋಗಿ ಗುಟ್ಟು ಬಿಟ್ಟುಕೊಟ್ಟಿದ್ದಳು.

"ಸರಿ ಬುಡವ್ವ. ನಾನ್ ಕೇಳ್ದೆ ಅಂತ ನಿಮ್ಮವ್ವಂಗೆ ಹೇಳ್ಬ್ಯಾಡ. ಹಬ್ಬ ಕೆಡ್ತದೆ."

ರೊಟ್ಟಿ ಕೈಗಿಟ್ಟಳು. ಹುಡುಗಿ ಹೂವು ಕೊಡಲು ಚಾಚಿದ ಕೈಯನ್ನು, ಕೊಡಬಹುದೋ ಇಲ್ಲವೋ ತಿಳಿಯದೆ, ಹಿಂದಕ್ಕೆ ತೆಗೆದುಕೊಂಡಳು.

ಸಂಜೆ ಅಲ್ಗನೇಶ್ ಬಂದಾಗ ತಿರುನೇಶ್ ನೆಂಟರಿಗೆ ಕೊಡುವ ಪದ್ಧತಿಯಂತೆ ಮೂರು ಸುತ್ತು ಕಾಫಿ ಬಗ್ಗಿಸಿ ಕೊಟ್ಟಳು. ಬಾರ್ಲಿ ತೆನೆಯ ಮಾತಾಡಿದರು, ಕತ್ತೆ ಕಳೆದುಕೊಂಡ ಪಾದ್ರಿಯ ಫಜೀತಿ ನೆನೆದು ನಕ್ಕರು. ಒಂದೊಂದು ಸಲ ನಕ್ಕಾಗಲೂ ತಿರುನೇಶಳಿಗೆ ಮಗನನ್ನು ತಾನೇ ಮಣ್ಣು ಮಾಡಿದಂತಾಗುತ್ತಿತ್ತು.

ಮರುದಿನ ನಸುಕಿಗೆ ಅಂಗಳದಲ್ಲಿ ಬಹಳ ಕಾಲುಗಳ ಸಪ್ಪಳ. ಯಾರೋ ಮೆಲ್ಲನೆ ಕೆಮ್ಮಿದರು. ಬಾಗಿಲ ಸಂದಿಯಲ್ಲಿ ನೋಡಿದಳು. ಹೆಂಗಸರೆಲ್ಲ ಬಿಳಿ ಶಾಲಿನ ಬಣ್ಣದ ಅಂಚನ್ನು, ಸಾವಿಗೆ ಹೊದೆಯುವ ಹಾಗೆ, ಕತ್ತಿನ ಬಳಿಗೆ ತಿರುಗಿಸಿ ಹೊದ್ದಿದ್ದರು. ಒಳಗೆ ನೆಲದ ಹುಲ್ಲು ಬಾಡಿ ಸುರುಟಿತ್ತು. ತಿರುನೇಶ್ ಮೈಮೇಲಿನ ಶಾಲು ಬಿಚ್ಚಿ, ಅಂಚು ಕತ್ತಿಗೆ ಬರುವಂತೆ ತಿರುಗಿಸಿ ಹೊದ್ದು, ಬಾಗಿಲು ತೆಗೆದಳು.