ಕಿತ್ತಳೆಯ ಮೇಲೆ ಬರೆದ ಜಡೆ

ಶಾಲೆಯಿಂದ ಫೋನ್ ಬಂತೆಂದರೆ ಒಡೆಸ್ಸಾ ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟುಬಿಡುತ್ತಾಳೆ. ಒಳ್ಳೆಯ ಸುದ್ದಿ ಹೇಳಲು ಯಾವ ಶಾಲೆ ತಾನೇ ಫೋನ್ ಮಾಡುತ್ತದೆ? ಇವತ್ತು ಶಾಲೆ ಬಿಟ್ಟ ಮೇಲೂ ಅದೇ ದೂರು. ಅವಳೇ ಸಾಕುತ್ತಿರುವ ಮೊಮ್ಮಗಳು ನೈಲಾ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸುತ್ತಾಳೆ, ಆಮೇಲೆ ಎದ್ದು ಓಡಾಡುತ್ತಾಳೆ, ಪಕ್ಕದವರನ್ನು ಮಾತಿಗೆಳೆಯುತ್ತಾಳೆ. ಎರಡನೇ ತರಗತಿಯ ಹುಡುಗಿಗೆ ಒಂದು ಕಡೆ ಕೂರುವುದನ್ನು ಕಲಿಸಿ ಎಂದು ಟೀಚರ್ ಫೋನ್ ಇಟ್ಟರು.

ಒಡೆಸ್ಸಾ ಮತ್ತೆ ಬಾಚಣಿಗೆ ಎತ್ತಿಕೊಂಡಳು. ಓಹಿಯೋ ನದಿಯ ದಂಡೆಯ ಆ ಊರಿನಲ್ಲಿ ಅವಳ ಮನೆಯ ಮುಂಕೋಣೆಯೇ ಜಡೆ ಹಾಕುವ ಅಂಗಡಿ. ತಲೆಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಸಣ್ಣ ಜಡೆಗಳಿಗೆ ಅವಳ ಕೈ ಹೆಸರುವಾಸಿ. ಶನಿವಾರ ಬಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಭಾನುವಾರ ಚರ್ಚಿಗೆ ಕೆದರಿದ ತಲೆಯಲ್ಲಿ ಹೋಗುವ ಹೆಂಗಸು ಆ ಓಣಿಯಲ್ಲಿ ಹುಟ್ಟಿಲ್ಲ.

ಕುರ್ಚಿಯಲ್ಲಿದ್ದವಳು ಕ್ಲೋರಿಸ್. ಪಕ್ಕದ ಮನೆಯವಳು, ಚರ್ಚಿನ ಗಾಯನದಲ್ಲಿ ಜೊತೆಗಾತಿ, ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯಲ್ಲಿ ಕೆಲಸ ಮಾಡುವವಳು. ತಲೆ ಅರ್ಧ ಹೆಣೆದಾಗಿತ್ತು, ಇನ್ನರ್ಧ ಕಾಡಿನಂತೆ ನಿಂತಿತ್ತು.

"ಆ ಮಗು ತುಂಟಿ ಅಲ್ಲ ಕಣೇ, ಬೇಜಾರು ಅದಕ್ಕೆ. ಗುಡ್ಡದ ಮೇಲಿನ ಶಾಲೇಲಿ ಚುರುಕು ಮಕ್ಕಳ ಕ್ಲಾಸಿದೆಯಲ್ಲ, ಅದಕ್ಕೆ ಯಾಕೆ ಪರೀಕ್ಷೆ ಬರೆಸಲಿಲ್ಲ?" ಎಂದಳು ಕ್ಲೋರಿಸ್.

"ಯಾವಾಗ ಬರೆಸಲಿ? ಅದು ಇರೋದೇ ಶನಿವಾರ ಬೆಳಿಗ್ಗೆ, ಊರಿನ ಆ ತುದೀಲಿ. ಮನೆಯವರು ಮೊದಲೇ ಹೋಗಿ ಕೇಳಿಕೊಳ್ಳಬೇಕಂತೆ. ನನ್ನ ಕುರ್ಚಿ ಬಿಟ್ಟು ಹೋದ್ರೆ ನಿನ್ನ ತಲೆ ಯಾರು ನೋಡ್ತಾರೆ? ಆ ಕ್ಲಾಸು ನಮ್ಮ ಕಪ್ಪು ಮಕ್ಕಳಿಗೆ ಅಂತ ಮಾಡಿದ್ದಲ್ಲ, ಬಿಡು."

"ಹಾಗಾದ್ರೆ ಶಾಲಾ ಮಂಡಳಿಗೆ ಒಳ್ಳೆಯವರನ್ನ ಆರಿಸು. ಪರೀಕ್ಷೆ ಎಲ್ಲಿ, ಯಾವತ್ತು, ಯಾರಿಗೆ, ಎಲ್ಲ ತೀರ್ಮಾನ ಮಾಡೋರು ಅವರೇ."

"ನಾನು ಒಂದು ಚುನಾವಣೆನೂ ತಪ್ಪಿಸಿಲ್ಲ ಕ್ಲೋರಿಸ್! ಹಿಮದಲ್ಲಿ ಸಾಲು ನಿಂತು ಓಟು ಹಾಕಿದೀನಿ. ಏನು ಬದಲಾಯ್ತು ಹೇಳು?"

"ಮತಪತ್ರದ ಹಿಂಬದಿ ತುಂಬಿಸಿದ್ಯಾ?"

ಒಡೆಸ್ಸಾಳ ಕೈ ನಿಂತಿತು. "ಹಿಂಬದೀಲಿ ಬರೀ ಹೆಸರು ಇರ್ತವೆ. ಯಾವ ಪಕ್ಷದವರು ಅಂತಾನೂ ಹಾಕಿರಲ್ಲ. ಗುರುತಿಲ್ಲದವರಿಗೆ ಹೇಗೆ ಗುರುತು ಹಾಕಲಿ? ಹಾಗೇ ಬಿಡ್ತೀನಿ."

"ಆ ಹೆಸರುಗಳೇ ಶಾಲಾ ಮಂಡಳಿ ಕಣೇ! ಅದಕ್ಕೆ ಪಕ್ಷ ಇಲ್ಲ. ನಮ್ಮ ಓಣಿಯವರೆಲ್ಲ ಮುಂಬದಿ ತುಂಬಿ, ಹಿಂಬದಿ ಖಾಲಿ ಬಿಟ್ಟು, ಎದೆ ಉಬ್ಬಿಸ್ಕೊಂಡು ಮನೆಗೆ ಹೋಗ್ತಾರೆ. ಗುಡ್ಡದ ಮೇಲಿನ ದುಡ್ಡಿದ್ದವರು ಮಾತ್ರ ಹಾಳೆ ತಿರುಗಿಸ್ತಾರೆ."

ಒಡೆಸ್ಸಾಗೆ ಮುಖ ಬಿಸಿಯಾಯಿತು. ಇಷ್ಟು ವರ್ಷ ಸಾಲಿನಲ್ಲಿ ನಿಂತವಳು ಮೊಮ್ಮಗಳ ಪಾಲಿನ ಓಟನ್ನೇ ಹಾಕಿರಲಿಲ್ಲ. ಆದರೂ ಅವಳು ಸುಲಭಕ್ಕೆ ಸೋಲುವ ಹೆಂಗಸಲ್ಲ. "ಅಷ್ಟಕ್ಕೂ ನಮ್ಮ ನೈಲಾ ಅಂಥ ಚುರುಕು ಅಂತ ನಿಂಗ್ಯಾರು ಹೇಳಿದ್ದು?" ಎಂದಳು.

"ಕನ್ನಡಿ ಹೇಳ್ತಾ ಇದೆ, ನೋಡು" ಎಂದಳು ಕ್ಲೋರಿಸ್, ಮೆಲ್ಲಗೆ.

ಕನ್ನಡಿಯಲ್ಲಿ ಹಿಂದಿನ ಮೂಲೆ ಕಾಣುತ್ತಿತ್ತು. ನೈಲಾ ಅಭ್ಯಾಸದ ಗೊಂಬೆತಲೆಯನ್ನು ಮಡಿಲಲ್ಲಿಟ್ಟುಕೊಂಡು ಜಡೆ ಮುಗಿಸುತ್ತಿದ್ದಳು. ಹಣೆಯಿಂದ ಒಂದು ಜಡೆ, ಕತ್ತಿನಿಂದ ಇನ್ನೊಂದು. ಎರಡೂ ಒಂದರ ಬೆನ್ನಿಗೊಂದು ತಲೆಯನ್ನು ಸುತ್ತುತ್ತ ಮೇಲೇರಿದ್ದವು. ಎಲ್ಲೂ ಒಂದನ್ನೊಂದು ತಾಗಿರಲಿಲ್ಲ, ಎಲ್ಲೂ ಸಂದು ಹೆಚ್ಚುಕಮ್ಮಿಯಾಗಿರಲಿಲ್ಲ. ನೆತ್ತಿಗೆ ಬಂದು ಎರಡೂ ಒಟ್ಟಿಗೆ ಮುಗಿದಿದ್ದವು. ಜೀವಮಾನವೆಲ್ಲ ಜಡೆ ಹಾಕಿದ ಒಡೆಸ್ಸಾ ಅಂಥದ್ದನ್ನು ಹಾಕಿರಲಿಲ್ಲ.

"ಯಾರು ಹೇಳಿಕೊಟ್ರು ಚಿನ್ನಾ?"

"ಯಾರೂ ಇಲ್ಲ ಅಜ್ಜಿ. ಮೊದಲು ಕಾಗದದ ಮೇಲೆ ಬರೆದೆ, ಸರಿಯಾಗ್ಲಿಲ್ಲ. ಕಾಗದ ಚಪ್ಪಟೆ, ತಲೆ ದುಂಡಗಿದೆಯಲ್ಲ. ಮೇಲೆ ಹೋದ ಹಾಗೆ ಜಾಗ ಕಮ್ಮಿಯಾಗುತ್ತೆ. ಅದಕ್ಕೇ ಇದರ ಮೇಲೆ ಬರೆದೆ." ನೈಲಾ ಜೇಬಿನಿಂದ ಒಂದು ಕಿತ್ತಳೆ ಹಣ್ಣು ತೆಗೆದಳು. ಸಿಪ್ಪೆಯ ಮೇಲೆ ಪೆನ್ನಿನ ಎರಡು ಗೆರೆಗಳು ಸುತ್ತಿ ಸುತ್ತಿ ತೊಟ್ಟಿನ ಹತ್ತಿರ ಸೇರಿದ್ದವು. "ಇನ್ನು ತಿನ್ನಲಾ?"

ಒಡೆಸ್ಸಾಳ ಮೈ ಜುಮ್ಮೆಂದಿತು. ತಾನೇ ಎತ್ತಿ ಆಡಿಸಿದ ಮಗು, ತಾನೇ ಹಣೆ ಒರೆಸಿದ ಮಗು, ಆ ಪುಟ್ಟ ತಲೆಯೊಳಗೆ ಇಷ್ಟೆಲ್ಲ ನಡೆಯುತ್ತಿತ್ತೇ? ಅವಳಿಗೆ ಸಂತೋಷವಾಯಿತು, ಭಯವೂ ಆಯಿತು. ಇದನ್ನು ಯಾರೂ ನೋಡದೇ ಹೋದರೆ? ಒಂದು ಕಡೆ ಕೂರಿಸಿ ಕೂರಿಸಿ ಇದು ಆರಿಹೋದರೆ?

"ತಿನ್ನಬೇಡ. ಅದು ನಂಗೆ ಬೇಕು. ನೀನು ಬೇರೆ ತಗೋ" ಎಂದಳು.

"ನನ್ನ ಇನ್ನರ್ಧ ತಲೆ?" ಎಂದಳು ಕ್ಲೋರಿಸ್.

ಆ ವಾರದ ಕೊನೆಗೆ ಚರ್ಚಿನ ಹಜಾರದಲ್ಲಿ ಶಾಲಾ ಮಂಡಳಿಯ ಅಭ್ಯರ್ಥಿಗಳ ಸಭೆ. ಹುರಿದ ಮೀನು, ಸಿಹಿಗೆಣಸಿನ ಕಡುಬು, ಮಡಚುವ ಕುರ್ಚಿಗಳು. ಒಡೆಸ್ಸಾ ಕಿತ್ತಳೆಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದಳು. ಮನಸ್ಸಿನಲ್ಲಿ ಅವಳು ಆಗಲೇ ಪಾಸ್ಟರ್ ಅವರ ತಂಗಿಯ ಮಗ ಟ್ರಿಮೇನ್‌ಗೆ ಓಟು ಎಂದು ಗಟ್ಟಿ ಮಾಡಿಕೊಂಡಿದ್ದಳು. ನಮ್ಮ ಹುಡುಗ, ಅವನ ಮೊದಲ ಜಡೆ ಹಾಕಿದ್ದೂ ತಾನೇ.

ಪ್ರಶ್ನೆ ಕೇಳಲು ಅವಳ ಸರದಿ ಬಂದಾಗ ಎದ್ದು ನಿಂತಳು. "ಶನಿವಾರ ನನ್ನ ಕುರ್ಚಿ ಖಾಲಿ ಇರಲ್ಲ. ನನ್ನ ಮೊಮ್ಮಗಳು ಇದನ್ನ ಮಾಡಿದ್ಲು. ಇವಳನ್ನ ಯಾರು ನೋಡ್ತೀರಿ, ಯಾವಾಗ ನೋಡ್ತೀರಿ, ಅಷ್ಟು ಹೇಳಿ ಸಾಕು" ಎಂದು ಕಿತ್ತಳೆಯನ್ನು ಮೇಲೆತ್ತಿದಳು.

ಗುಡ್ಡದ ಮೇಲಿನ ಅಭ್ಯರ್ಥಿ ಹ್ಯಾಲೊರನ್ ನಯವಾಗಿ ನಕ್ಕರು. "ಬಾಗಿಲು ಎಲ್ಲರಿಗೂ ತೆರೆದೇ ಇದೆ ಮೇಡಂ. ನೀವು ಬಂದು ಕೇಳಿದರಾಯ್ತು."

ಟ್ರಿಮೇನ್ ತಲೆ ಅಲ್ಲಾಡಿಸಿದ. "ಆ ಕ್ಲಾಸನ್ನೇ ಮುಚ್ಚಬೇಕು ಆಂಟಿ. ಕೆಲವರ ಮಕ್ಕಳು ಮೇಲೆ, ಉಳಿದವರ ಮಕ್ಕಳು ಕೆಳಗೆ, ಇದು ಸರೀನಾ?"

"ಸರಿಯಲ್ಲ ಮಗಾ. ಆದ್ರೆ ಮುಚ್ಚಿದ ಮೇಲೆ ನನ್ನ ನೈಲಾಗೆ ಏನು ಸಿಗುತ್ತೆ? ದುಡ್ಡಿದ್ದವರು ಮನೆಗೇ ಮೇಷ್ಟರನ್ನ ಕರೆಸ್ತಾರೆ." "ಅದನ್ನ ನಾನಿನ್ನೂ ಯೋಚಿಸಿಲ್ಲ ಆಂಟಿ" ಎಂದ ಟ್ರಿಮೇನ್. ಒಳ್ಳೆಯ ಹುಡುಗ, ಸುಳ್ಳು ಹೇಳಲು ಹೋಗಲಿಲ್ಲ.

ಮೂರನೆಯವಳು ಮಾರಿಸೋಲ್, ಊರಿಗೆ ಹೊಸಬಳು. ಅವಳು ವೇದಿಕೆಯಿಂದ ಇಳಿದು ಬಂದು ಕಿತ್ತಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ನೀವು ಬರೋದು ಬೇಡ ಅಮ್ಮಾ, ಪರೀಕ್ಷೆಯೇ ಮಗುವಿನ ಹತ್ತಿರ ಬರಬೇಕು. ಎಲ್ಲ ಶಾಲೆಗಳ ಎರಡನೇ ತರಗತೀಲೂ, ಶಾಲೆ ನಡೆಯೋ ದಿನವೇ, ಒಬ್ಬರನ್ನೂ ಬಿಡದೆ. ಅಂಥ ಕ್ಲಾಸು ಪ್ರತಿ ಶಾಲೆಗೂ ಬೇಕು. ಒಂದೇ ವರ್ಷದಲ್ಲಿ ಆಗುತ್ತೆ ಅಂತ ಮಾತು ಕೊಡಲಾರೆ. ಪರೀಕ್ಷೆ ಮಾತ್ರ ಮೊದಲ ವರ್ಷವೇ ಆಗ್ಬೇಕು, ಅದಕ್ಕೆ ಹೋರಾಡ್ತೀನಿ."

ಮನೆಗೆ ನಡೆಯುವಾಗ ಕ್ಲೋರಿಸ್ ಛೇಡಿಸಿದಳು. "ಏನೇ, ನಮ್ಮ ಹುಡುಗ ಅಂತಿದ್ದೆ?"

"ನಮ್ಮ ಹುಡುಗಿ ಮನೇಲಿದ್ದಾಳೆ. ನನ್ನ ಓಟು ಅವಳದ್ದು" ಎಂದಳು ಒಡೆಸ್ಸಾ.

ನವೆಂಬರಿನಲ್ಲಿ ಅವಳು ನೈಲಾಳ ಕೈ ಹಿಡಿದು ಮತಗಟ್ಟೆಗೆ ಹೋದಳು. ಮುಂಬದಿ ತುಂಬಿದಳು. ಒಂದು ಉಸಿರು ಎಳೆದುಕೊಂಡು ಹಾಳೆ ತಿರುಗಿಸಿದಳು. ಪಕ್ಷದ ಗುರುತಿಲ್ಲದ ಬರೀ ಹೆಸರುಗಳು. ಅದರಲ್ಲೊಂದು ಹೆಸರಿನ ಪಕ್ಕದ ಸೊನ್ನೆಯನ್ನು ನಿಧಾನವಾಗಿ, ಅಂಚು ದಾಟದಂತೆ ಕಪ್ಪು ಮಾಡಿದಳು. ಓಟು ಹಾಕಿದವರಿಗೆ ಕೊಡುವ ಅಂಟುಚೀಟಿಯನ್ನು ನೈಲಾ ಮನೆಗೆ ತಂದು ಗೊಂಬೆತಲೆಯ ಹಣೆಗೆ ಅಂಟಿಸಿದಳು.

ಮಾರಿಸೋಲ್ ಗೆದ್ದಳು, ಕೂದಲೆಳೆಯ ಅಂತರದಲ್ಲಿ. ಮಂಡಳಿಯ ಉಳಿದವರನ್ನು ಒಪ್ಪಿಸಿ, ಬೇಸಿಗೆ ರಜೆಗೆ ಮುಂಚೆಯೇ ಪರೀಕ್ಷೆಯನ್ನು ಶಾಲೆಗೆ ತಂದಳು. ನೈಲಾ ಆಯ್ಕೆಯಾದಳು, ಅದರಲ್ಲೇನು ಆಶ್ಚರ್ಯ? ಆಶ್ಚರ್ಯವಾದದ್ದು ಉಳಿದ ಹೆಸರುಗಳನ್ನು ಕೇಳಿದಾಗ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗ. ಮನೆಯಲ್ಲಿ ಸ್ಪ್ಯಾನಿಷ್ ಮಾತ್ರ ಆಡುವ ಅಕ್ಕತಂಗಿಯರು. ಸದಾ ಬಾಗಿಲ ಹೊರಗೆ ನಿಲ್ಲುವ ಶಿಕ್ಷೆ ಪಡೆಯುತ್ತಿದ್ದ, ಮೀನು ಮಾರುವವನ ಮಗ. ಒಡೆಸ್ಸಾ ಬಾಯಿಗೆ ಕೈ ಇಟ್ಟುಕೊಂಡು ಕೇಳಿದಳು. "ದೇವರೇ! ಕ್ಲೋರಿಸ್, ಇಷ್ಟು ವರ್ಷ ಇವರೆಲ್ಲ ಎಲ್ಲಿದ್ರೇ?"

"ಇಲ್ಲೇ ಇದ್ರು" ಎಂದಳು ಕ್ಲೋರಿಸ್. "ಹಾಳೆಯ ಹಿಂಬದೀಲಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲೂ ಯಾವುದೋ ಮಗು ಯಾರೂ ನೋಡದ ಮೂಲೆಯಲ್ಲಿ ಕೂತು ಇಂಥದ್ದೇ ಒಂದು ಬೆರಗು ಮಾಡುತ್ತಿದೆ. ಶಾಲಾ ಮಂಡಳಿಗೆ ನಿಂತವರನ್ನು ಕಂಡು ಕೇಳಿ: ಈ ಮಗುವನ್ನು ನೀವು ಯಾವಾಗ ನೋಡುತ್ತೀರಿ, ಹೇಗೆ ನೋಡುತ್ತೀರಿ? ಅವರ ಉತ್ತರ ಕೇಳಿ, ತೂಗಿ, ನಿಮಗೆ ಸರಿ ಕಂಡವರನ್ನು ಆರಿಸಿ. ಮತಪತ್ರ ಕೈಗೆ ಬಂದಾಗ ಮುಂಬದಿಗೇ ನಿಲ್ಲಬೇಡಿ. ದಯವಿಟ್ಟು ತಿರುಗಿಸಿ. ಆ ಮಗು ಕಾಯುತ್ತಿದೆ.